ಶನಿವಾರ ಕೂಗದ ಬಾವಲಿ

ಜಫರುಲ್ಲಾ ಸಾಹೇಬರ ಬಾವಲಿಗೆ ಶನಿವಾರ, ಭಾನುವಾರ ರಜೆ. ಉಳಿದ ದಿನಗಳಲ್ಲಿ ಬೆಳಿಗ್ಗೆ ಏಳರ ಆಸುಪಾಸಿನಲ್ಲಿ ಅದು ತಪ್ಪದೆ ಕೂಗುತ್ತಿತ್ತು. ಮೊದಲು ಒಂದು ಉದ್ದನೆಯ ಕೂಗು, ಸ್ವಲ್ಪ ಬಿಟ್ಟು ಇನ್ನೊಂದು, ಮತ್ತೆ ಸ್ವಲ್ಪ ಬಿಟ್ಟು ಮೂರನೆಯದು. ಅಲ್ಲಿಗೆ ಆ ದಿನದ ಕೆಲಸ ಮುಗಿಯಿತು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನವೂ ಅದು ಕೂಗಿರಲಿಲ್ಲ. ಇದನ್ನು ಕಂಡು ಯಾರಿಗಾದರೂ ಅನುಮಾನ ಬರಬೇಕಾಗಿತ್ತು. ಸಾಹೇಬರಿಗೆ ಬಂದದ್ದು ಗೌರವ. ಎಂಥ ಶಿಸ್ತಿನ ಪ್ರಾಣಿ ಎಂದುಕೊಂಡರು.

ವುಡಿನ್‌ವಿಲ್‌ನಿಂದ ರೆಡ್ಮಂಡ್ ಕಡೆಗೆ ಇಳಿಯುವ ಗುಡ್ಡದ ಬದಿಯಲ್ಲಿ ಅವರ ಮನೆ. ಹಿತ್ತಲ ಬೇಲಿಯ ಆಚೆ ಒಂದು ಹಳೆಯ ಸುರಂಗ. ಯಾವುದೋ ಕಾಲದಲ್ಲಿ ಇಟ್ಟಿಗೆ ಕಾರ್ಖಾನೆಯವರು ಬಿಳಿ ಜೇಡಿಮಣ್ಣಿಗಾಗಿ ಗುಡ್ಡ ಕೊರೆದು, ಮಣ್ಣು ಮುಗಿದ ಮೇಲೆ ಹಾಗೆಯೇ ಬಿಟ್ಟುಹೋದದ್ದು. ಗೋಡೆಯೆಲ್ಲ ಬೆಳ್ಳಗೆ, ಮುಟ್ಟಿದರೆ ಬೆರಳಿಗೆ ಹತ್ತುವಂತಿದ್ದುದರಿಂದ ಊರವರು ಅದನ್ನು ಚಾಕ್ ಟನಲ್ ಎನ್ನುತ್ತಿದ್ದರು. ನಮ್ಮವರಿಗೆ ಅದು ಸೀಮೆಸುಣ್ಣದ ಸುರಂಗ. ಚಳಿಗಾಲದಲ್ಲಿ ಅದರೊಳಗೆ ಬಾವಲಿಗಳು ತಿಂಗಳುಗಟ್ಟಲೆ ನಿದ್ದೆ ಮಾಡುತ್ತವೆಂದು ಯಾರೋ ಅಂದಾಜು ಮಾಡಿ, ಬಾಯಿಗೆ ಕಬ್ಬಿಣದ ಸರಳಿನ ಗೇಟು ಹಾಕಿ, ತಾತ್ಕಾಲಿಕ ರಕ್ಷಿತ ಸ್ಥಳವೆಂದು ಹಲಗೆ ನೆಟ್ಟಿದ್ದರು. ಒಳಗೆ ಬಾವಲಿ ನಿಜವಾಗಿ ಇದೆಯೋ ಇಲ್ಲವೋ ಯಾರೂ ಕಣ್ಣಾರೆ ಕಂಡಿರಲಿಲ್ಲ. ನೋಡಹೋದರೆ ಅವಕ್ಕೆ ಎಚ್ಚರವಾಗುತ್ತದೆ. ಎಚ್ಚರವಾದರೆ ಮೈಯಲ್ಲಿ ಕೂಡಿಟ್ಟ ಕೊಬ್ಬು ಕರಗಿ, ಹುಳುಹುಪ್ಪಟೆ ಸಿಗುವ ಕಾಲ ಬರುವ ಮೊದಲೇ ಹಸಿದು ಸಾಯುತ್ತವೆ.

ಸಾಹೇಬರು ಆ ಸುರಂಗದ ಕಾವಲಿನವರು. ಸಂಬಳವಿಲ್ಲ, ಎದೆಯ ಮೇಲೊಂದು ಪ್ಲಾಸ್ಟಿಕ್ ಬ್ಯಾಡ್ಜು ಉಂಟು. ಮೈಸೂರಿನಿಂದ ಓದಲು ಬಂದು, ಇಲ್ಲಿಯೇ ನಿಂತು, ವಿಮಾನದ ಬಾಗಿಲು ಸರಿಯಾಗಿ ಮುಚ್ಚುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡುವುದರಲ್ಲಿ ತಲೆ ನರೆಸಿಕೊಂಡವರು. ಹೋದ ವರ್ಷ ಕಂಪನಿ ಒಂದು ಕೇಕು ಕತ್ತರಿಸಿ, ಅವರ ಹಿಂದಿನಿಂದ ತನ್ನ ಬಾಗಿಲನ್ನು ಮೆಲ್ಲಗೆ ಮುಚ್ಚಿಕೊಂಡಿತು. ಅವರ ಹೆಂಡತಿ ಜೈನಬ್ ರೆಡ್ಮಂಡಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಮ್ಯಾನೇಜರ್. ಆಕೆ ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಬಸ್ಸು ಹತ್ತಿದರೆ ಮನೆ ಭಣಗುಟ್ಟುತ್ತಿತ್ತು. ಮೊದಲ ವಾರ ಸಾಹೇಬರು ಗರಾಜಿನಲ್ಲಿದ್ದ ಮೊಳೆಗಳನ್ನು ಉದ್ದದ ಪ್ರಕಾರ ಜೋಡಿಸಿದರು. ಎರಡನೆಯ ವಾರ ಜೋಡಿಸಲು ಏನೂ ಉಳಿಯಲಿಲ್ಲ.

ಆಗ ಸಿಕ್ಕಿದ್ದು ಸುರಂಗದ ಮುಂದಿನ ಮರದ ಬೆಂಚು. ಬೆಳಕು ಹರಿಯುವ ಹೊತ್ತಿಗೆ ಹೋಗಿ ಕೂತರೆ ಊಟದ ಹೊತ್ತಿನವರೆಗೆ ಅಲ್ಲಿಯೇ. ಯಾರಾದರೂ ನಾಯಿ ಹಿಡಿದುಕೊಂಡು ಬಂದರೆ ತುಟಿಯ ಮೇಲೆ ಬೆರಳಿಟ್ಟು, “ಮಲಗಿದಾವೆ” ಎಂಬಂತೆ ಸನ್ನೆ ಮಾಡುವರು. ಅಷ್ಟೇ ಅವರ ಕೆಲಸ. ಮಳೆ ಹನಿಯುತ್ತಿದ್ದರೂ, ಕೈ ಸೆಟೆದುಕೊಂಡರೂ ಅವರಿಗೆ ಆ ಬೆಂಚಿನ ಮೇಲೆ ಇದ್ದಷ್ಟು ನೆಮ್ಮದಿ ಇನ್ನೆಲ್ಲಿಯೂ ಇರಲಿಲ್ಲ. ತಾನು ಸುಮ್ಮನೆ ಕೂತಿರುವುದರಿಂದ ಒಂದಿಷ್ಟು ಜೀವ ಉಳಿಯುತ್ತದೆ ಎಂಬ ಭಾವನೆಯೇ ಅವರನ್ನು ಆ ವರ್ಷ ಕಾಪಾಡಿತು. ಈ ಮಾತನ್ನು ಅವರು ಯಾರಿಗೂ ಹೇಳಿರಲಿಲ್ಲ. ಜೈನಬ್‌ಗೆ ಹೇಳದೆಯೇ ಗೊತ್ತಿತ್ತು.

ಇದಕ್ಕೆ ಕಲ್ಲು ಹಾಕಲು ಹೊರಟವರು ಬಡಾವಣೆಯ ಸಂಘದ ಅಧ್ಯಕ್ಷರಾದ ಶಿವಬಸಪ್ಪನವರು. ಹುಬ್ಬಳ್ಳಿಯವರು, ಕೆಟ್ಟವರೇನಲ್ಲ. ಮಂಡಿ ಚಿಪ್ಪು ಬದಲಿಸಿದ ಡಾಕ್ಟರು ದಿನಾ ಪಿಕಲ್‌ಬಾಲ್ ಎಂಬ ಬ್ಯಾಟು-ಚೆಂಡಿನ ಆಟ ಆಡಬೇಕೆಂದು ಹೇಳಿದ್ದರು. ಬಡಾವಣೆಯಲ್ಲಿ ಸಮತಟ್ಟಾದ ಜಾಗ ಇದ್ದದ್ದು ಸುರಂಗದ ಮುಂದೆ ಮಾತ್ರ. ತಾತ್ಕಾಲಿಕ ರಕ್ಷಣೆಯ ಗಡುವು ಈ ಜನವರಿಗೆ ಮುಗಿಯುತ್ತಿತ್ತು. ಅಷ್ಟರೊಳಗೆ ಒಳಗೆ ಬಾವಲಿ ಇರುವುದು ಖಚಿತವಾಗದಿದ್ದರೆ ಸುರಂಗದ ಬಾಯಿಗೆ ಕಾಂಕ್ರೀಟು ಸುರಿದು, ಮೇಲೆ ಆಟದ ಕೋರ್ಟು.

“ಸಾಹೇಬ್ರ, ನಿಮ್ಮ ತೊಗಲಬಾವಲಿ ಇದ್ರ ಹಾಜರ್ ಮಾಡ್ರಿ. ಇಲ್ಲಾಂದ್ರ ಜಾಗಾ ಬಿಡ್ರಿ. ನಾ ಏನರ ಅನ್ಯಾಯದ ಮಾತ ಆಡಾಕತ್ತೇನೇನು?” ಎಂದು ಅವರು ಕೇಳಿದ್ದರು.

ಅನ್ಯಾಯದ ಮಾತಾಗಿರಲಿಲ್ಲ. ಸಾಹೇಬರ ಸಂಕಟವೂ ಅದೇ ಆಗಿತ್ತು.

ಅವರಿಗೆ ಇದ್ದದ್ದು ಒಂದೇ ಆಧಾರ. ಗೇಟಿನ ಪಕ್ಕದ ಮರಕ್ಕೆ ಯೂನಿವರ್ಸಿಟಿಯವರು ಒಂದು ಪೆಟ್ಟಿಗೆ ಕಟ್ಟಿದ್ದರು. ಮನುಷ್ಯರ ಕಿವಿಗೆ ಎಟುಕದಷ್ಟು ಎತ್ತರದ ಸ್ವರಗಳನ್ನು ಹಿಡಿದಿಡುವ ಪೆಟ್ಟಿಗೆ ಅದು. ಸಾಹೇಬರು ಸಂಜೆ ಅದರ ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿದರೆ ಪರದೆಯ ಮೇಲೆ ಮೂರು ದಪ್ಪ ಗೆರೆ ಮೂಡುತ್ತಿದ್ದವು. ಅದನ್ನೆಲ್ಲ ಅವರು ಯೂನಿವರ್ಸಿಟಿಗೆ ಕಳಿಸಿದರು. ಅಲ್ಲಿ ಬಾವಲಿಗಳ ಮೇಲೆ ಸಂಶೋಧನೆ ಮಾಡುತ್ತಿದ್ದ ಗ್ರೀಷ್ಮಾ ಎಂಬ ಕನ್ನಡದ ಹುಡುಗಿ, “ತುಂಬಾ ಇಂಟರೆಸ್ಟಿಂಗ್ ಆಗಿದೆ ಅಂಕಲ್, ಶನಿವಾರ ಬಂದು ನೋಡ್ತೀನಿ” ಎಂದು ಉತ್ತರ ಬರೆದಳು. ಸಂಘದ ಸಭೆಯೂ ಆ ಶನಿವಾರ ಸಂಜೆಗೇ ಇತ್ತು. ಅವಳು ಏನು ಹೇಳುತ್ತಾಳೋ ಅದರಂತೆ ನಡೆಯುವುದೆಂದು ಶಿವಬಸಪ್ಪನವರು ಒಪ್ಪಿದ್ದರು.

“ಇಂಟರೆಸ್ಟಿಂಗ್ ಅಂತ ಬರ್ದಿದಾಳೆ ಜೈನಬ್, ತುಂಬಾ ಅಂತ ಬೇರೆ ಸೇರ್ಸಿದಾಳೆ” ಎಂದು ಸಾಹೇಬರು ವಾರವಿಡೀ ಹೇಳಿದರು. ಶನಿವಾರ ಯಾಕೆ, ಬೇರೆ ದಿನ ಬಾ ಎನ್ನಲು ಅವರಿಗೆ ಧೈರ್ಯ ಬರಲಿಲ್ಲ.

ಆ ಶನಿವಾರ ಬೆಳಿಗ್ಗೆ ಸಾಹೇಬರು ಬೆಂಚಿನ ಮೇಲೆ ಜೀವ ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು. ಇನ್ನೊಂದು ಕೈಯಲ್ಲಿ ಗ್ರೀಷ್ಮಾ ಮುಂಚಿತವಾಗಿ ಕಳಿಸಿದ್ದ ಹೊಸ ಯಂತ್ರ. ಇದು ಗುಟ್ಟಿನ ಸ್ವರವನ್ನು ಕೂಡಲೇ ಇಳಿಸಿ ಕಿವಿಗೆ ಕೇಳಿಸುತ್ತದೆ. ಜಿಟಿಜಿಟಿ ಮಳೆ. ಇವತ್ತೊಂದು ದಿನ ರಜೆ ಹಾಕಬೇಡ, ಮಾರಾಯ, ಎಂದು ಅವರು ಒಳಗಿನ ಬಾವಲಿಗೆ ಮನಸ್ಸಿನಲ್ಲಿಯೇ ಹೇಳಿಕೊಂಡರು.

ಯಂತ್ರ ಕೂಗಿತು.

ಸಾಹೇಬರಿಗೆ ಕಣ್ಣಲ್ಲಿ ನೀರೇ ಬಂತು. ಶನಿವಾರ! ನನಗಾಗಿ! ಎರಡನೆಯ ಕೂಗು ಬಂದಾಗ ಮಾತ್ರ ಏನೋ ಅಡ್ಡ ಬಂದಂತಾಯಿತು. ಯಂತ್ರ ಬಲಗಿವಿಯ ಹತ್ತಿರವಿತ್ತು. ಅದೇ ಹೊತ್ತಿಗೆ ಎಡಗಿವಿಗೆ ಹಿತ್ತಲ ಕಡೆಯಿಂದ ಬಹಳ ಪರಿಚಯದ ಒಂದು ಸದ್ದು ಬೀಳುತ್ತಿತ್ತು. ಮದುವೆಯಾದ ಲಾಗಾಯ್ತು ದಿನಬೆಳಗಾದರೆ ಕೇಳಿ ಕೇಳಿ, ಕೇಳಿಸುವುದೇ ನಿಂತುಹೋಗಿದ್ದ ಸದ್ದು.

ಸಾಹೇಬರು ಎದ್ದು ಮನೆಯ ಕಡೆ ಹೆಜ್ಜೆ ಹಾಕಿದರು. ಮೂರನೆಯ ಕೂಗಿಗೆ ಅವರು ಅಡುಗೆಮನೆಯ ಹಿಂಬಾಗಿಲಲ್ಲಿದ್ದರು. ಕೈಯಲ್ಲಿದ್ದ ಯಂತ್ರ ಹುಚ್ಚು ಹಿಡಿದಂತೆ ಅರಚಿತು. ಒಳಗೆ ಜೈನಬ್ ಕುಕ್ಕರಿನ ಕೆಳಗಿನ ಉರಿ ಆರಿಸುತ್ತಿದ್ದರು. ಕುಕ್ಕರಿನ ಸೀಟಿಯಲ್ಲಿ ಕಿವಿಗೆ ಎಟುಕದ ಸ್ವರವೂ ಬೆರೆತಿರುತ್ತದೆಂದು ಸಾಹೇಬರಿಗೆ ಆಗ ಹೊಳೆಯಿತು.

ಕನ್ನಡದಲ್ಲಿ ಬಾವಲಿಯೂ ಕೂಗುತ್ತದೆ, ಕುಕ್ಕರೂ ಕೂಗುತ್ತದೆ. ‘ಮೂರು ಕೂಗು ಆಯ್ತಾ?’ ಎಂದು ಆ ಮನೆಯಲ್ಲಿ ಕೇಳದ ದಿನವಿಲ್ಲ. ಸಾಹೇಬರು ವರದಿಯನ್ನು ಇಂಗ್ಲಿಷಿನಲ್ಲಿ ಬರೆಯದೆ ಕನ್ನಡದಲ್ಲಿ ಬರೆದಿದ್ದರೆ ನಾಚಿಕೆಯಿಂದ ಪಾರಾಗುತ್ತಿದ್ದರೋ ಏನೋ.

“ಹುಡ್ಗಿ ಊಟಕ್ಕೆ ಇರ್ತಾಳಲ್ಲಾಂತ ಬೇಳೆ ಇಟ್ಟೆ” ಎಂದರು ಜೈನಬ್. “ಯಾಕೆ ಹಿಂಗೆ ನಿಂತಿದೀರಿ? ಮುಖ ಯಾಕೆ ಹಂಗಿದೆ?”

ಸಾಹೇಬರು ಕುರ್ಚಿಯ ಮೇಲೆ ಕೂತು ಎಲ್ಲವನ್ನೂ ಹೇಳಿದರು. ಮನೆಯಲ್ಲಿ ಅವರಿಬ್ಬರ ಮಾತು ಅರ್ಧ ಉರ್ದು, ಅರ್ಧ ಕನ್ನಡ. ಮನಸ್ಸಿಗೆ ತೀರ ನೋವಾದಾಗ ಇಬ್ಬರೂ ಪೂರ್ತಿ ಕನ್ನಡಕ್ಕೆ ಬರುತ್ತಿದ್ದರು. ಈಗಲೂ ಹಾಗೆಯೇ ಆಯಿತು.

“ನೀನು ಆಫೀಸಿಗೆ ಹೋಗೋ ದಿನ ಮಾತ್ರ ಕೂಗ್ತಿತ್ತು. ರಜಾದಲ್ಲಿ ನೀನು ಲೇಟಾಗಿ ಏಳ್ತೀಯ. ಅದಕ್ಕೇ ಶನಿವಾರ ಇಲ್ಲ, ಭಾನುವಾರ ಇಲ್ಲ. ಒಳಗೆ ಏನೂ ಇಲ್ಲ ಜೈನಬ್. ಒಂದು ವರ್ಷ ನಾನು ಖಾಲಿ ಬಿಲದ ಮುಂದೆ ತುಟಿ ಮೇಲೆ ಬೆರಳಿಟ್ಕೊಂಡು ಕೂತಿದ್ದೆ.”

ಜೈನಬ್ ನಗಲಿಲ್ಲ. ನಗು ಬಂದಿತ್ತು, ಗಂಡನ ಮುಖ ನೋಡಿ ನುಂಗಿಕೊಂಡರು. “ಆ ಹುಡ್ಗಿ ಬಂದ ತಕ್ಷಣ ನಿಜ ಹೇಳ್ಬಿಡಿ. ತಪ್ಪೇನಿದೆ, ಗೊತ್ತಾಗ್ಲಿಲ್ಲ ಅಷ್ಟೇ ತಾನೇ.”

“ಹೇಳಿದ್ರೆ ಸಾಯಂಕಾಲ ಕಾಂಕ್ರೀಟ್ ಅಂತ ತೀರ್ಮಾನ ಆಗತ್ತೆ.”

“ಒಳಗೆ ಏನೂ ಇಲ್ಲ ಅಂದ್ಮೇಲೆ ಕಾಂಕ್ರೀಟ್ ಹಾಕಿದ್ರೇನು?”

ಇದಕ್ಕೆ ಉತ್ತರ ಕೊಟ್ಟವರು ಪಕ್ಕದ ಮನೆಯ ಪದ್ಮಾ. ಕರಿಬೇವು ಕೇಳಲು ಬಂದು, ಹಿಂಬಾಗಿಲಲ್ಲಿ ನಿಂತು, ಕೇಳಬೇಕಾದ್ದನ್ನೆಲ್ಲ ಕೇಳಿಸಿಕೊಂಡಿದ್ದರು.

“ಏನು ಅಂದ್ರೆ? ಕೋರ್ಟ್ ಬಂದ್ರೆ ಅದರ ಲೈಟು ನಮ್ಮ ಬೆಡ್‌ರೂಮಿಗೇ ಹೊಡೆಯೋದು! ಬೆಳಗ್ಗೆಯಿಂದ ಸಂಜೆವರ್ಗೂ ಟಕ್ ಟಕ್ ಟಕ್ ಟಕ್! ಜಫರಣ್ಣ, ನೀವು ಸುಮ್ನಿರಿ. ಆ ಹುಡ್ಗಿಗೆ ಬೇಕಾಗಿರೋದು ಕೂಗು ತಾನೇ? ಕೂಗ್ಸೋಣ.”

“ಅದು ಮೋಸ ಆಗತ್ತಮ್ಮ” ಎಂದರು ಸಾಹೇಬರು.

“ನೀವು ಮಾಡಿದ್ರೆ ಮೋಸ. ನಾವು ಮಾಡಿದ್ರೆ ಅಡುಗೆ” ಎಂದರು ಪದ್ಮಾ.

ಅವರು ಹಾಗೆಯೇ ಹೋಗಿ, ಎದುರು ಮನೆಯ ವಸಂತಲಕ್ಷ್ಮಿಗೂ ವಿಷಯ ಮುಟ್ಟಿಸಿದರು. ಹುಡುಗಿ ಯಂತ್ರ ಕಿವಿಗೆ ಹಚ್ಚಿಕೊಂಡ ಕೂಡಲೇ ತಾನು ಕಿಟಕಿಯಿಂದ ನೋಡಿ ಫೋನು ಮಾಡುವುದು, ಮೂರೂ ಮನೆಯಲ್ಲಿ ಕುಕ್ಕರ್ ಏರಿಸುವುದು ಎಂದು ಗೊತ್ತುಮಾಡಿದರು. ಪದ್ಮಾ, ವಸಂತಲಕ್ಷ್ಮಿ ಕುಕ್ಕರಿಗೆ ಬರಿಯ ನೀರು ಹಾಕಿದರು. ಕೂಗಿಗೆ ಅಕ್ಕಿ ಬೇಳೆ ಯಾತಕ್ಕೆ? ಜೈನಬ್ ಮೊದಲಿಗೆ ಸುತರಾಂ ಆಗದೆಂದರು. ಆದರೆ ಸಾಹೇಬರು ಬ್ಯಾಡ್ಜನ್ನು ಕೈಯಲ್ಲಿ ಹಿಡಿದುಕೊಂಡು, ಅದರ ಮೇಲಿನ ತಮ್ಮ ಹೆಸರನ್ನು ಹೆಬ್ಬೆರಳಿನಿಂದ ಒರೆಸುತ್ತ ಕೂತಿದ್ದನ್ನು ನೋಡಲಾಗದೆ, ಬೆಂದ ಬೇಳೆಯ ಕುಕ್ಕರನ್ನೇ ಮತ್ತೆ ಒಲೆಯ ಮೇಲಿಟ್ಟರು. ಸಾಹೇಬರು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಜೀವನದಲ್ಲಿ ಅವರು ಮಾಡಿದ ದೊಡ್ಡ ಅಪರಾಧ ಅದೊಂದೇ ಇರಬೇಕು.

ಹತ್ತರ ಹೊತ್ತಿಗೆ ಗ್ರೀಷ್ಮಾ ಬಂದಳು. ತೆಳ್ಳನೆಯ ಹುಡುಗಿ, ಕಣ್ಣಲ್ಲಿ ನಿದ್ದೆಯಿಲ್ಲ, ಬೆನ್ನ ಮೇಲೆ ದೊಡ್ಡ ಚೀಲ. ಶಿವಬಸಪ್ಪನವರು ಕೋಲೂರಿಕೊಂಡು ಜೊತೆಗೆ ಬಂದರು. ಬೆಂಚಿನ ಹತ್ತಿರ ನಾಲ್ಕು ಮಾತಾಡಿ, ಹುಡುಗಿ ಹೆಡ್‌ಫೋನ್ ಹಾಕಿಕೊಂಡು, ಯಂತ್ರವನ್ನು ಗೇಟಿನ ಕಡೆ ಹಿಡಿದು ನಿಂತಳು. ಎಲೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು.

ಮೊದಲು ಕೂಗಿದ್ದು ಪದ್ಮಾ ಅವರ ಕುಕ್ಕರ್.

ಈ ಉಪಾಯದಲ್ಲಿ ಒಂದು ಸಣ್ಣ ದೋಷವಿತ್ತು. ಬಾವಲಿಯ ಸ್ವರ ಮನುಷ್ಯರಿಗೆ ಕೇಳಿಸುವುದಿಲ್ಲ, ಕುಕ್ಕರಿನದ್ದು ಕೇಳಿಸುತ್ತದೆ. ಮೂರೂ ಮನೆಯಲ್ಲಿ ಇಂಜಿನಿಯರಿಂಗ್ ಓದದವರು ಒಬ್ಬರೂ ಇರಲಿಲ್ಲ. ಆದರೂ ಇದು ಯಾರಿಗೂ ಹೊಳೆದಿರಲಿಲ್ಲ.

“ಯಾರ ಮನ್ಯಾಗೋ ಕುಕ್ಕರ್ ಸೀಟಿ ಹೊಡ್ಯಾಕತ್ತೈತಿ” ಎಂದರು ಶಿವಬಸಪ್ಪನವರು. ಅಷ್ಟರಲ್ಲಿ ವಸಂತಲಕ್ಷ್ಮಿಯವರದೂ ಕೂಗಿತು. “ಅಲ್ಲೂ ಹೊಡೀತು.” ಕೊನೆಗೆ ಸಾಹೇಬರ ಮನೆಯದು. “ಏನ್ರೀ ಇದು, ಮೂರೂ ಮನ್ಯಾಗ ಒಮ್ಮೆಲೆ ಅಡಗಿ? ಇವತ್ತ ಏನ್ ಹಬ್ಬ ಐತಿ, ಹೊಟ್ಟಿ ಹಸ್ಯಾಕ ಹತ್ತಿತಲ್ಲ!”

ಸಾಹೇಬರು ಗೇಟಿನ ಸರಳನ್ನೇ ನೋಡುತ್ತ ನಿಂತರು. ಗ್ರೀಷ್ಮಾಳ ತುಟಿ ಬಿಗಿದುಕೊಂಡಿತ್ತು. ಅವಳು ಯಂತ್ರದ ಪರದೆಯನ್ನು ನೋಡಿದಳು, ಸಾಹೇಬರನ್ನು ನೋಡಿದಳು, ಮತ್ತೆ ಪರದೆಯನ್ನು ನೋಡಿದಳು.

ಕಿಟಕಿಯಲ್ಲಿದ್ದ ಪದ್ಮಾಗೆ ಹುಡುಗಿ ಮಾತಾಡದೆ ನಿಂತದ್ದು ಕಂಡು, ಕೂಗು ಸಾಲದೆಂದು ತೋರಿತು. ಇನ್ನಷ್ಟು ಉರಿ ಹೆಚ್ಚಿಸಲು ಫೋನಿನಲ್ಲಿ ಹೇಳಿದರು. ಮೂರು ಕುಕ್ಕರುಗಳೂ ಸರದಿಯಿಲ್ಲದೆ, ಒಂದರ ಮೇಲೊಂದು ಬಿದ್ದು ಕೂಗಿದವು. ಜೈನಬ್ ಅವರದರಲ್ಲಿದ್ದ ಬೇಳೆ ಎರಡನೆಯ ಸಲ ಬೇಯುತ್ತಿದ್ದದ್ದು, ನೀರು ಎಂದೋ ಆರಿತ್ತು. ಢಬ್ ಎಂದು ಸೇಫ್ಟಿ ವಾಲ್ವು ಹಾರಿ, ಅತಿಥಿಗೆಂದು ಇಟ್ಟ ತೊಗರಿಬೇಳೆ ಅಷ್ಟೂ ಸೂರಿಗೆ ಅಂಟಿತು. ಹೊಗೆ ಎದ್ದಿತು. ಮನೆಯ ಹೊಗೆ ಅಲಾರಮ್ಮು ಗುಡ್ಡವೆಲ್ಲ ಕೇಳುವಂತೆ ಕಿರುಚತೊಡಗಿತು.

“ಜೈನಬ್!” ಎಂದು ಸಾಹೇಬರು ಓಡಿದರು. ಜೈನಬ್‌ಗೆ ಏನೂ ಆಗಿರಲಿಲ್ಲ. ಅವರು ಪೊರಕೆಯ ಹಿಡಿಯಿಂದ ಅಲಾರಮ್ಮಿಗೆ ತಿವಿದು ಬಾಯಿ ಮುಚ್ಚಿಸುತ್ತಿದ್ದರು. ತಲೆಯ ಮೇಲಿನ ದುಪಟ್ಟಾದಿಂದ ಬೇಳೆ ಜಾರುತ್ತಿತ್ತು.

ಸಾಹೇಬರು ವಾಪಸು ಬೆಂಚಿನ ಹತ್ತಿರ ಬಂದರು. ಎದೆಯ ಮೇಲಿದ್ದ ಬ್ಯಾಡ್ಜು ಬಿಚ್ಚಿ ಗ್ರೀಷ್ಮಾಳ ಮುಂದೆ ಹಿಡಿದರು.

“ತಪ್ಪಾಯ್ತಮ್ಮ. ಅದು ಬಾವಲಿ ಅಲ್ಲ. ನಮ್ಮನೆ ಬೇಳೆ. ದಿನಾ ಬೆಳಗ್ಗೆ ನಮ್ಮನೆಯವಳು ಡಬ್ಬಿಗೆ ಇಡೋ ಬೇಳೆ. ನಂಗೆ ಇವತ್ತೇ ಗೊತ್ತಾಗಿದ್ದು. ಗೊತ್ತಾದ್ಮೇಲೂ ಬಾಯಿ ಮುಚ್ಕೊಂಡಿದ್ದೆ, ಅದು ನನ್ನ ತಪ್ಪು. ಒಳಗೆ ಏನೂ ಇಲ್ಲ. ಶಿವಬಸಪ್ಪನವ್ರೆ, ನೀವು ಕೋರ್ಟ್ ಕಟ್ಕೊಳ್ಳಿ.”

ಶಿವಬಸಪ್ಪನವರು ಗೆದ್ದಿದ್ದರು. ಆದರೆ ಆ ಮುಖ ನೋಡಿಕೊಂಡು ಗೆಲುವನ್ನು ಎಲ್ಲಿಟ್ಟುಕೊಳ್ಳುವುದೆಂದು ತಿಳಿಯದೆ, ಕೋಲಿನಿಂದ ಕೆಸರು ಕೆದಕುತ್ತ ನಿಂತರು.

ಗ್ರೀಷ್ಮಾ ಬ್ಯಾಡ್ಜು ತೆಗೆದುಕೊಳ್ಳಲಿಲ್ಲ. “ಅಂಕಲ್, ನಂಗೆ ಮೊದಲ್ನೇ ದಿನಾನೇ ಗೊತ್ತಾಗಿತ್ತು” ಎಂದಳು.

“ಏನು?”

“ಬಾವಲಿ ಒಂದು ಸಲ ಕೂಗೋದು ಕಣ್ಣು ಮಿಟುಕ್ಸೋದ್ರೊಳಗೆ ಮುಗ್ದೋಗತ್ತೆ. ನಿಮ್ಮದು ಎಳೀತಾನೇ ಇತ್ತು. ನಮ್ಮ ಪ್ರೊಫೆಸರ್ ಎಲ್ಲೋ ಗ್ಯಾಸ್ ಲೀಕ್ ಅಂದ್ರು. ನಾನು ಮನಸ್ಸಲ್ಲೇ, ಇಲ್ಲ ಸರ್, ಬೇಳೆ ಅಂದ್ಕೊಂಡೆ. ನಮ್ಮಮ್ಮನೂ ಮೂರಕ್ಕೇ ಆರಿಸೋದು.”

“ಗೊತ್ತಿದ್ದೂ ಬಂದ್ಯಾ ತಾಯಿ?”

“ಕುಕ್ಕರ್ ಅಂತ ಹೇಳಿದ್ರೆ ಇಲ್ಲಿಗೆ ಬರೋಕೆ ಪರ್ಮಿಷನ್ನೇ ಸಿಕ್ತಿರ್ಲಿಲ್ಲ. ನಿಮ್ಮ ರೆಕಾರ್ಡಿಂಗ್‌ನಲ್ಲಿ ಕುಕ್ಕರ್ ಬಿಟ್ರೆ ಇನ್ನೇನೂ ಇರ್ಲಿಲ್ಲ ನೋಡಿ, ಒಂದು ಸಣ್ಣ ಕೂಗೂ ಇಲ್ಲ. ಅದೇ ನಂಗೆ ಬೇಕಾಗಿದ್ದಿದ್ದು. ಮಲಗಿರೋ ಬಾವಲಿ ಕೂಗಲ್ಲ ಅಂಕಲ್. ಕೂಗಿದ್ರೆ ಅದು ಮಲಗಿಲ್ಲ ಅಂತ ಅರ್ಥ.”

ಅವಳು ಚೀಲದಿಂದ ಒಂದು ಮಡಿಸುವ ಕೋಲು ತೆಗೆದು ಉದ್ದ ಮಾಡಿದಳು. ತುದಿಯಲ್ಲಿ ಬೆರಳುಗಾತ್ರದ ಕ್ಯಾಮೆರಾ, ಮಂಕಾದ ಕೆಂಪು ದೀಪ. ವರ್ಷಕ್ಕೆ ಒಂದೇ ಸಲ, ಅದೂ ಗೇಟಿನ ಹೊರಗಿನಿಂದ, ನೋಡಲು ಅವಳಿಗೆ ಅನುಮತಿ ಸಿಕ್ಕಿತ್ತು. ಸರಳುಗಳ ನಡುವೆ ಕೋಲನ್ನು ತೂರಿಸಿದಳು. ಮೂವರೂ ಅವಳ ಕೈಯಲ್ಲಿದ್ದ ಪುಟ್ಟ ಪರದೆಯ ಮೇಲೆ ಬಗ್ಗಿದರು.

ಮೊದಲು ಬರಿಯ ಬಿಳಿ ಗೋಡೆ. ಗುದ್ದಲಿಯ ಹಳೆಯ ಗುರುತುಗಳು. ಆಮೇಲೆ ಒಂದು ಬಿರುಕು. ಬಿರುಕಿನ ಉದ್ದಕ್ಕೂ ಒಣಗಿದ ಹುಣಸೆಹಣ್ಣಿನಂಥ ಕಪ್ಪು ಉಂಡೆಗಳು ಒತ್ತೊತ್ತಾಗಿ ನೇತಾಡುತ್ತಿದ್ದವು. ಅವುಗಳ ತುಪ್ಪಟದ ಮೇಲೆ ಇಬ್ಬನಿ ಕೂತು, ಒಂದೊಂದು ಹನಿಯೂ ಕೆಂಪು ಬೆಳಕಿಗೆ ಮಿನುಗುತ್ತಿತ್ತು. ಒಂದೂ ಅಲುಗುತ್ತಿರಲಿಲ್ಲ.

ಸಾಹೇಬರು ತುಟಿಯ ಮೇಲೆ ಬೆರಳಿಟ್ಟುಕೊಂಡರು. ಬಾಯಿ ತೆರೆದರೆ ಅಳು ಬರುತ್ತದೆಂದು ಗೊತ್ತಿತ್ತು. ಶಿವಬಸಪ್ಪನವರು ತಲೆಯ ಮೇಲಿನ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು.

“ಅಯ್ಯ, ಕೂಸಿನ ಗತೆ ಮಲಗ್ಯಾವಲ್ರೀ” ಎಂದರು ಪಿಸುದನಿಯಲ್ಲಿ. “ಇವುಕ್ಕ ನಾ ಕಾಂಕ್ರೀಟ್ ಹಾಕಸಾಕ ನಿಂತಿದ್ನಲ್ಲ.”

ಅಷ್ಟರಲ್ಲಿ ಸಾಲಿನ ತುದಿಯಲ್ಲಿದ್ದ ಒಂದು ಉಂಡೆ ಮೆಲ್ಲಗೆ ನಡುಗಿತು. ಮೈಮೇಲಿನ ಹನಿಗಳು ಉದುರಿದವು. ಒಂದು ರೆಕ್ಕೆ ಅರ್ಧ ಬಿಚ್ಚಿಕೊಂಡಿತು. ಗ್ರೀಷ್ಮಾಳ ಮುಖದಲ್ಲಿದ್ದ ನಗು ಮಾಯವಾಯಿತು. ಅಲಾರಮ್ಮಿನ ಸದ್ದು ಅದನ್ನು ಎಬ್ಬಿಸಿತ್ತು. ಅದು ಪೂರ್ತಿ ಎದ್ದರೆ ಪಕ್ಕದ್ದನ್ನು ಎಬ್ಬಿಸುತ್ತದೆ, ಅದು ಇನ್ನೊಂದನ್ನು. ಮೂರು ಮನೆಯ ಗದ್ದಲಕ್ಕೆ ಇಡೀ ಸಾಲು ಸಾಯಬಹುದಿತ್ತು. ಸಾಹೇಬರಿಗೆ ಗೊತ್ತಿದ್ದ ಪ್ರಾರ್ಥನೆಗಳೆಲ್ಲ ಆ ಹೊತ್ತಿನಲ್ಲಿ ಒಂದಾದ ಮೇಲೊಂದು ನೆನಪಾದವು. ಬಹಳ ಹೊತ್ತಿನ ಮೇಲೆ ಆ ರೆಕ್ಕೆ ಮತ್ತೆ ಮೈಗೆ ಅಂಟಿಕೊಂಡಿತು. ನಡುಕ ನಿಂತಿತು.

ಗ್ರೀಷ್ಮಾ ಕೋಲನ್ನು ಹೊರಗೆಳೆದುಕೊಂಡು, ಎಲ್ಲರನ್ನೂ ಕೈಸನ್ನೆಯಿಂದ ಬೇಲಿಯ ತನಕ ಕರೆದುಕೊಂಡು ಬಂದಳು. ಅಲ್ಲಿಗೆ ಬಂದ ಮೇಲೆಯೇ ಅವಳು ಬಾಯಿ ಬಿಟ್ಟದ್ದು.

“ಇವತ್ತೇ ಬರ್ದು ಕಳಿಸ್ತೀನಿ. ಇನ್ನು ತಾತ್ಕಾಲಿಕ ಅಲ್ಲ, ಖಾಯಂ ರಕ್ಷಣೆ. ಕೋರ್ಟ್ ಕಟ್ಟೋ ಹಾಗಿಲ್ಲ ಅಂಕಲ್, ಸಾರಿ.”

“ನಂಗ ಬ್ಯಾಡಽ ಬ್ಯಾಡವಾ ಆ ಕೋರ್ಟು” ಎಂದರು ಶಿವಬಸಪ್ಪನವರು. “ಸಾಹೇಬ್ರ, ಗೆದ್ರಿ ನೀವು.”

ಸಾಹೇಬರು ಬ್ಯಾಡ್ಜನ್ನು ಮತ್ತೆ ಎದೆಗೆ ಚುಚ್ಚಿಕೊಂಡರು. ಮೈಸೂರು ಬಿಟ್ಟ ಮೇಲೆ ಅವರಿಗೆ ಅಷ್ಟು ಸಂತೋಷವಾದ ದಿನ ಇನ್ನೊಂದಿರಲಿಲ್ಲ. “ನಾಳೆ ಬೆಳಗ್ಗೆ ಇನ್ನೂ ಬೇಗ ಬಂದು ಕೂತ್ಕೋತೀನಮ್ಮ. ಒಂದು ನರಪಿಳ್ಳೆನೂ ಹತ್ರ ಬಿಡಲ್ಲ” ಎಂದರು.

ಗ್ರೀಷ್ಮಾ ತನ್ನ ಶೂಗಳನ್ನು ನೋಡಿಕೊಂಡಳು.

“ಅಂಕಲ್, ಹೇಗೆ ಹೇಳ್ಲಿ... ಖಾಯಂ ರಕ್ಷಣೆ ಅಂದ್ರೆ ರೂಲ್ಸು ಬೇರೆ. ಏಪ್ರಿಲ್ ಮುಗಿಯೋವರ್ಗೂ ಈ ಬೇಲಿಯಿಂದ ಆಚೆ ಯಾರೂ ಹೋಗೋ ಹಾಗಿಲ್ಲ.”

“ಯಾರೂ ಹೋಗದೇ ಇರೋ ಹಾಗೆ ನೋಡ್ಕೊಳ್ಳೋಕೇ ತಾನೇ ನಾನಿರೋದು.”

“ಕಾವಲಿನವ್ರೂ ಹೋಗೋ ಹಾಗಿಲ್ಲ. ಕೂತವ್ರ ಮೈ ಬಿಸಿ, ಉಸಿರು, ಕೆಮ್ಮು, ಎಲ್ಲಾ ಲೆಕ್ಕಕ್ಕೆ ಬರತ್ತೆ. ಬೆಂಚೂ ತೆಗೀಬೇಕಾಗತ್ತೆ.”

ಸಾಹೇಬರು ತಲೆಯಾಡಿಸಿದರು. ಅರ್ಥವಾಗಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಬೇಲಿಯ ಮೇಲೆ ಕೈಯಿಟ್ಟು ಸುರಂಗದ ಕಡೆ ಒಮ್ಮೆ ನೋಡಿದರು. ಒಳಗಿರುವವರು ಚೆನ್ನಾಗಿ ಮಲಗಬೇಕಾದರೆ ಹೊರಗೆ ತಾನಿರಬಾರದು. ಯಾರ ಮೇಲೂ ಸಿಟ್ಟು ಮಾಡಿಕೊಳ್ಳುವಂತಿರಲಿಲ್ಲ. ಅದರಿಂದಲೇ ಅವರಿಗೆ ಹೆಚ್ಚು ದುಃಖವಾಯಿತು.

“ಇನ್ನೊಂದಿದೆ” ಎಂದಳು ಗ್ರೀಷ್ಮಾ. ಯಂತ್ರವನ್ನು ಹಿಡಿದುಕೊಂಡು ಬೇಲಿಯಿಂದ ಅಡುಗೆಮನೆಯವರೆಗೆ ನಡೆದು ಬಂದಳು. “ಆ ಸದ್ದು ಅಷ್ಟು ಜೋರಾಗಿ ಗೇಟಿನ ತನಕ ಮುಟ್ಟುತ್ತೆ ಅಂದ್ರೆ, ಈ ಮೂರೂ ಅಡುಗೆಮನೆ ನಿಶ್ಶಬ್ದದ ಗಡಿ ಒಳಗೇ ಬರತ್ತೆ. ರೆಕಾರ್ಡಿಂಗ್ ನೀವೇ ಕಳ್ಸಿದೀರಲ್ಲ ಅಂಕಲ್. ಏಪ್ರಿಲ್‌ವರ್ಗೂ ಕುಕ್ಕರ್ ಬೇಡ. ಮಿಕ್ಸಿನೂ ಬೇಡ.”

ಬೇಲಿಯ ಮೇಲಿನಿಂದ ಪದ್ಮಾ, “ಮಿಕ್ಸಿನೂನಾ?” ಎಂದು ಚೀರಿ, ಶಿವಬಸಪ್ಪನವರು ತುಟಿಯ ಮೇಲೆ ಬೆರಳಿಟ್ಟದ್ದನ್ನು ನೋಡಿ ದನಿ ತಗ್ಗಿಸಿದರು. “ಜಫರಣ್ಣ, ನಿಮಗೆ ಸಹಾಯ ಮಾಡೋಕೆ ಬಂದು ನನ್ನ ಒಲೆಗೇ ಬೀಗ ಹಾಕಿಸ್ಕೊಂಡ್ನಲ್ಲ!”

ಸೂರು ಒರೆಸುತ್ತಿದ್ದ ಜೈನಬ್ ಸ್ಟೂಲಿನಿಂದ ಇಳಿದರು. ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಅದೆಲ್ಲಾ ಇರ್ಲಿ, ಬೆಳಗ್ಗೆ ಏನಾದ್ರೂ ತಿಂದಿದೀಯಾ?” ಎಂದು ಕೇಳಿದರು.

ಗ್ರೀಷ್ಮಾ ಇದುವರೆಗೆ ವಿಜ್ಞಾನಿಯಂತೆ ಮಾತಾಡಿದ್ದಳು. ಈಗ ಅವಳ ದನಿ ಚಿಕ್ಕದಾಯಿತು. “ಇಲ್ಲ ಆಂಟಿ. ನಿಜ ಹೇಳ್ಲಾ? ಆ ರೆಕಾರ್ಡಿಂಗ್‌ನ ದಿನಾ ಹಾಕ್ಕೊಂಡು ಕೇಳ್ತಿದ್ದೆ. ಕೇಳ್ತಾ ಕೇಳ್ತಾ ಬ್ರೆಡ್ ತಿಂತಿದ್ದೆ. ಊಟಕ್ಕೆ ಸಾರಿರತ್ತೆ ಅಂತಾನೇ ಶನಿವಾರ ಬರ್ತೀನಿ ಅಂದಿದ್ದು.”

ಜೈನಬ್ ಸೂರಿನ ಕಡೆ ನೋಡಿದರು. ಸಾರಾಗಬೇಕಾದದ್ದು ಅಲ್ಲಿತ್ತು. ಪದ್ಮಾ, ವಸಂತಲಕ್ಷ್ಮಿಯವರ ಕುಕ್ಕರಿನಲ್ಲಿ ಬಿಸಿನೀರು ಮಾತ್ರ ಇತ್ತು. ಜೈನಬ್ ಕಪಾಟಿನಿಂದ ದೊಡ್ಡ ಪಾತ್ರೆ ಇಳಿಸಿ, ಬೇಳೆ ತೊಳೆದು ಹಾಕಿ, ಒಲೆ ಹಚ್ಚಿ, ಗಂಡನ ಕೈಗೆ ಸೌಟು ಕೊಟ್ಟರು.

“ತೆರೆದ ಪಾತ್ರೆ. ಬಿಟ್ರೆ ಉಕ್ಕತ್ತೆ, ತಳ ಹಿಡಿಯತ್ತೆ. ಪಕ್ಕದಲ್ಲೇ ನಿಂತಿರ್ಬೇಕು. ಸೋಮವಾರದಿಂದ ನಾನು ಬಸ್ಸಿಗೆ ಹೊರಡೋ ಹೊತ್ತಿಗೆ ಬೆಂದಿರ್ಬೇಕು ಅಂದ್ರೆ ಕತ್ತಲಲ್ಲೇ ಏಳ್ಬೇಕು. ನನ್ನ ಕೈಲಾಗಲ್ಲ. ಬೆಳಗಿನ ಹೊತ್ತು ನೀವು ಬಿಡುವಾದ್ರಲ್ಲ.”

“ಹೇಗೂ ನಿಂತೇ ಇರ್ತೀರಲ್ಲ ಜಫರಣ್ಣ, ನಮ್ಮದೂ ಒಂದು ಲೋಟ ಬೇಳೆ ಹಾಕ್ಬಿಡಿ” ಎಂದರು ಪದ್ಮಾ. “ವಸಂತಲಕ್ಷ್ಮಿಗೂ ಹೇಳ್ತೀನಿ.”

“ನಂದೂ ಒಂದ್ ಮುಷ್ಟಿ ಇರ್ಲಿ” ಎಂದರು ಶಿವಬಸಪ್ಪನವರು. ಅವರ ಅಡುಗೆಮನೆ ಗಡಿಯ ಒಳಗೆ ಬರುತ್ತಿರಲಿಲ್ಲ. ಅದನ್ನು ನೆನಪಿಸುವ ಮನಸ್ಸು ಯಾರಿಗೂ ಆಗಲಿಲ್ಲ.

ಸಾಹೇಬರು ಸೌಟಾಡಿಸಿದರು. ಬೇಳೆ ತಳದಲ್ಲಿ ಮಲಗಿತ್ತು, ನೀರು ಮಾತ್ರ ಸುತ್ತುತ್ತಿತ್ತು. ಗ್ರೀಷ್ಮಾ ಊಟದ ಮೇಜಿನ ಮೇಲೆ ಎರಡೂ ಕೈಯಿಟ್ಟು, ಶಾಲೆಯ ಹುಡುಗಿಯಂತೆ ಕಾದು ಕೂತಳು. ಸ್ವಲ್ಪ ಹೊತ್ತಿನ ಮೇಲೆ ತಡೆಯಲಾರದೆ ಕೇಳಿದಳು.

“ಅಂಕಲ್, ಇನ್ನೂ ಎಷ್ಟು ಹೊತ್ತಾಗತ್ತೆ?”

ಸಾಹೇಬರು ಒಂದು ಕಾಳನ್ನು ತೆಗೆದು ಬೆರಳಲ್ಲಿ ಹಿಸುಕಿ ನೋಡಿದರು. ಕಿಟಕಿಯಾಚೆ ಶಿವಬಸಪ್ಪನವರೂ ಪದ್ಮಾ ಅವರ ಗಂಡನೂ ಬೆಂಚನ್ನು ಹೊತ್ತುಕೊಂಡು, ಸದ್ದಾಗದಂತೆ ಹೆಜ್ಜೆಯಿಡುತ್ತ ಬರುತ್ತಿದ್ದರು.

“ಏಪ್ರಿಲ್ ಆಗತ್ತೆ ಕಣಮ್ಮ” ಎಂದರು ಸಾಹೇಬರು.